ಸಿಹಿನೀರಿನಲ್ಲೇ ಕಡಲಿಗೆ ಸಿದ್ಧವಾಗುವ ಮೀನು

ಓದುಗರ ಪ್ರಶ್ನೆ: ನಾವು ಕೆರೆಯಲ್ಲಿ ಸಾಕುವ ಕಾಟ್ಲಾ, ರೋಹು ಮೀನುಗಳನ್ನು ಸಮುದ್ರದ ನೀರಿಗೆ ಬಿಟ್ಟರೆ ಬದುಕುವುದಿಲ್ಲ. ಆದರೆ ಸಾಲ್ಮನ್ ಮೀನು ನದಿಯಲ್ಲಿ ಹುಟ್ಟಿ, ಕಡಲಿಗೆ ಹೋಗಿ ಬೆಳೆದು, ಮೊಟ್ಟೆಯಿಡಲು ಮತ್ತೆ ನದಿಗೆ ಬರುತ್ತದೆ. ಇದಕ್ಕೆ ಹಾರ್ಮೋನುಗಳು ಕಾರಣವೆಂದು ಓದಿದ್ದೇನೆ. ಉಪ್ಪುನೀರು ತಾಗಿದ ಕೂಡಲೇ ಅದರ ದೇಹದಲ್ಲಿ ಯಾವುದಾದರೂ ಹಾರ್ಮೋನು ಸ್ರವಿಸುತ್ತದೆಯೇ? ಕಾಟ್ಲಾ ಮೀನಿನಲ್ಲಿ ಆ ಹಾರ್ಮೋನು ಇಲ್ಲವೇ?

ಉತ್ತರ:

ನಿಮ್ಮ ಪ್ರಶ್ನೆಯಲ್ಲಿರುವ ‘ತಾಗಿದ ಕೂಡಲೇ’ ಎಂಬ ಮಾತಿನಿಂದಲೇ ಆರಂಭಿಸುತ್ತೇನೆ, ಏಕೆಂದರೆ ಈ ವಿಷಯದ ತಿರುಳು ಅಲ್ಲಿಯೇ ಇದೆ. ಸಾಲ್ಮನ್ ಮರಿಯು ಉಪ್ಪುನೀರನ್ನು ಮುಟ್ಟುವುದಕ್ಕೆ ಎಷ್ಟೋ ವಾರಗಳ ಮೊದಲು, ಇನ್ನೂ ತಾನು ಹುಟ್ಟಿದ ಹೊಳೆಯ ತಣ್ಣನೆಯ ಸಿಹಿನೀರಿನಲ್ಲಿ ಈಜುತ್ತಿರುವಾಗಲೇ, ಅದರ ಕಿವಿರು, ಕರುಳು ಮತ್ತು ಮೂತ್ರಪಿಂಡಗಳು ಕಡಲಿನ ಬದುಕಿಗೆ ತಯಾರಾಗತೊಡಗಿರುತ್ತವೆ. ಉಪ್ಪಿನ ಸುಳಿವೇ ಇಲ್ಲದ ನೀರಿನಲ್ಲಿ ಉಪ್ಪನ್ನು ಹೊರಹಾಕುವ ಅಂಗವನ್ನು ಕಟ್ಟಿಕೊಳ್ಳುವ ಈ ಮುಂಜಾಗ್ರತೆಯೇ ಹಾರ್ಮೋನುಗಳ ನಿಜವಾದ ಕೆಲಸ. ಉಪ್ಪು ತಾಗಿದ ಮೇಲೆ ಪ್ರತಿಕ್ರಿಯಿಸುವ ಹಾರ್ಮೋನುಗಳೂ ಇವೆ, ಅವುಗಳ ಮಾತನ್ನೂ ಮುಂದೆ ಹೇಳುತ್ತೇನೆ. ಆದರೆ ಅವುಗಳನ್ನಷ್ಟೇ ನಂಬಿ ನದಿಯ ಮೀನೊಂದು ಅಳಿವೆಯನ್ನು ದಾಟಿದ್ದರೆ, ಹೊಸ ಕೋಶಗಳು ಹುಟ್ಟುವ ಹೊತ್ತಿಗೆ ಅದು ಸತ್ತುಹೋಗಿರುತ್ತಿತ್ತು.

ಮೊದಲು ಕಷ್ಟ ಏನೆಂಬುದನ್ನು ತಿಳಿಯೋಣ. ಉಪ್ಪಿನಕಾಯಿಗೆಂದು ಹೆಚ್ಚಿದ ಮಾವಿನಕಾಯಿಯ ಹೋಳುಗಳಿಗೆ ಉಪ್ಪು ಬೆರೆಸಿಟ್ಟರೆ ಮರುದಿನ ಹೋಳು ಸುಕ್ಕಾಗಿ ಜಾಡಿಯ ತಳದಲ್ಲಿ ನೀರು ನಿಂತಿರುತ್ತದೆ. ಒಣದ್ರಾಕ್ಷಿಯನ್ನು ನೀರಿನಲ್ಲಿ ನೆನೆಹಾಕಿದರೆ ಅದು ಊದಿಕೊಳ್ಳುತ್ತದೆ. ತೆಳುವಾದ ಪೊರೆಯ ಎರಡು ಬದಿಗಳಲ್ಲಿ ಲವಣದ ಪ್ರಮಾಣ ಬೇರೆಬೇರೆಯಾಗಿದ್ದಾಗ ನೀರು ಹೆಚ್ಚು ಲವಣವಿರುವ ಕಡೆಗೆ ಸರಿಯುತ್ತದೆ. ಇದನ್ನೇ ಶಾಲೆಯ ಪುಸ್ತಕಗಳಲ್ಲಿ ಅಭಿಸರಣೆ ಎಂದು ಓದುತ್ತೇವೆ. ಮೀನಿನ ಕಿವಿರು ಅಂಥದೇ ಒಂದು ತೆಳು ಪೊರೆ. ಆಮ್ಲಜನಕ ಸುಲಭವಾಗಿ ಒಳಗೆ ಬರಲೆಂದು ಅದು ತೆಳುವಾಗಿ, ವಿಶಾಲವಾಗಿ ಇರಲೇಬೇಕು. ಹಾಗಿರುವುದರಿಂದಲೇ ನೀರು ಮತ್ತು ಲವಣಗಳೂ ಅದರ ಮೂಲಕ ನುಸುಳುತ್ತವೆ. ಉಸಿರಾಟಕ್ಕೆ ಮೀನು ತೆರುವ ಬೆಲೆ ಇದು.

ಅಂಕಿಗಳಲ್ಲಿ ಹೇಳುವುದಾದರೆ, ಮೂಳೆಮೀನುಗಳ ರಕ್ತದ ಒಟ್ಟು ಸಾಂದ್ರತೆ ಒಂದು ಕಿಲೋಗ್ರಾಂ ನೀರಿಗೆ ಸುಮಾರು 300ರಿಂದ 350 ಮಿಲಿಆಸ್ಮೋಲ್ (ಕರಗಿದ ಕಣಗಳ ಪ್ರಮಾಣವನ್ನು ಹೇಳುವ ಅಳತೆ). ಕಡಲನೀರಿನದು ಸುಮಾರು 1000. ನದಿಯ ನೀರಿನದು ಸಾಮಾನ್ಯವಾಗಿ 10ಕ್ಕಿಂತಲೂ ಕಡಿಮೆ. ಅಂದರೆ ನದಿಯಲ್ಲಿರುವ ಮೀನು ಒಣದ್ರಾಕ್ಷಿಯಂತೆ ನೀರು ತುಂಬಿಕೊಳ್ಳುವ ಅಪಾಯದಲ್ಲಿರುತ್ತದೆ, ಕಡಲಿನಲ್ಲಿರುವ ಮೀನು ಮಾವಿನ ಹೋಳಿನಂತೆ ನೀರು ಬಿಡುವ ಅಪಾಯದಲ್ಲಿರುತ್ತದೆ. ಸುತ್ತಲೂ ನೀರೇ ಇದ್ದರೂ ಕಡಲಿನ ಮೀನಿನ ದೇಹಕ್ಕೆ ನೀರಿನ ಬರ.

ಹೀಗಾಗಿ ಎರಡು ಕಡೆಯ ಬದುಕಿಗೂ ತೀರ ವಿರುದ್ಧವಾದ ಕ್ರಮಗಳು ಬೇಕಾಗುತ್ತವೆ. ನದಿಯ ಮೀನು ನೀರನ್ನು ಕುಡಿಯುವುದೇ ಇಲ್ಲವೆನ್ನುವಷ್ಟು ಕಡಿಮೆ. ಒಳಗೆ ನುಗ್ಗಿದ ನೀರನ್ನು ಮೂತ್ರಪಿಂಡಗಳು ಬಹಳ ತೆಳುವಾದ, ಧಾರಾಳವಾದ ಮೂತ್ರವಾಗಿ ಹೊರಹಾಕುತ್ತವೆ, ಮತ್ತು ಕಳೆದುಹೋಗುವ ಸೋಡಿಯಂ, ಕ್ಲೋರೈಡ್‌ಗಳನ್ನು ಕಿವಿರಿನ ವಿಶೇಷ ಕೋಶಗಳು ನದಿಯ ನೀರಿನಿಂದಲೇ ಹೆಕ್ಕಿ ತೆಗೆಯುತ್ತವೆ. ಕಡಲಿನ ಮೀನು ಇದಕ್ಕೆ ವಿರುದ್ಧವಾಗಿ ಉಪ್ಪುನೀರನ್ನೇ ಕುಡಿಯುತ್ತದೆ. ಅಮೆರಿಕದ ಹೋಮರ್ ಸ್ಮಿತ್ ಅವರು 1930ರಲ್ಲಿ ಇದನ್ನು ಪ್ರಯೋಗದಿಂದ ತೋರಿಸಿಕೊಟ್ಟರು. ಕುಡಿದ ನೀರಿನ ಉಪ್ಪನ್ನು ಕರುಳು ಮೊದಲು ಹೀರಿಕೊಳ್ಳುತ್ತದೆ, ಉಪ್ಪಿನ ಬೆನ್ನಿಗೆ ನೀರೂ ರಕ್ತಕ್ಕೆ ಸೇರುತ್ತದೆ. ನೀರು ದಕ್ಕಿತು, ಆದರೆ ಬೇಡದ ಉಪ್ಪೂ ಬಂತು. ಮೆಗ್ನೀಸಿಯಂ ಮತ್ತು ಸಲ್ಫೇಟನ್ನು ಮೂತ್ರಪಿಂಡ ಕಡಿಮೆ ಪ್ರಮಾಣದ ಮೂತ್ರದೊಡನೆ ಹೊರಕ್ಕೆ ಕಳುಹಿಸುತ್ತದೆ. ಆದರೆ ಮೀನಿನ ಮೂತ್ರಪಿಂಡಕ್ಕೆ ರಕ್ತಕ್ಕಿಂತ ಸಾಂದ್ರವಾದ ಮೂತ್ರವನ್ನು ತಯಾರಿಸುವ ಸಾಮರ್ಥ್ಯವಿಲ್ಲ. ಆದ್ದರಿಂದ ಸೋಡಿಯಂ ಕ್ಲೋರೈಡಿನ ಹೊರೆಯನ್ನು ಇಳಿಸುವ ಕೆಲಸ ಕಿವಿರಿನ ಪಾಲಿಗೆ ಬರುತ್ತದೆ. 1930ರ ದಶಕದ ಆರಂಭದಲ್ಲಿ ಏನ್ಸೆಲ್ ಕೀಸ್ ಹಾವುಮೀನಿನ ಹೃದಯ ಮತ್ತು ಕಿವಿರುಗಳನ್ನು ಪ್ರತ್ಯೇಕವಾಗಿಟ್ಟು ನಡೆಸಿದ ಪ್ರಯೋಗಗಳಲ್ಲಿ ಕಿವಿರು ಕ್ಲೋರೈಡನ್ನು ಹೊರಹಾಕುವುದು ಸ್ಪಷ್ಟವಾಯಿತು. 1932ರಲ್ಲಿ ಕೀಸ್ ಮತ್ತು ವಿಲ್ಮರ್ ಆ ಕೆಲಸ ಮಾಡುವ ಕೋಶಗಳನ್ನು ಗುರುತಿಸಿದರು. ಅವುಗಳನ್ನು ಕ್ಲೋರೈಡ್ ಕೋಶಗಳೆಂದು ಬಹುಕಾಲ ಕರೆಯುತ್ತಿದ್ದರು. ಈಗ ಅಯಾನುಕೋಶ ಎಂಬ ಹೆಸರು ಹೆಚ್ಚು ಬಳಕೆಯಲ್ಲಿದೆ.

ಈ ಕೋಶದ ಒಳಗಿನ ಏರ್ಪಾಟನ್ನು ಸ್ವಲ್ಪ ವಿವರವಾಗಿ ನೋಡುವುದು ಅಗತ್ಯ, ಏಕೆಂದರೆ ಹಾರ್ಮೋನುಗಳು ಆದೇಶ ಕೊಡುವುದು ಇದಕ್ಕೇ. ಕೋಶದ ಒಂದು ಮುಖ ಕಡಲಿನ ಕಡೆಗಿದೆ, ಇನ್ನೊಂದು ರಕ್ತದ ಕಡೆಗಿದೆ. ರಕ್ತದ ಕಡೆಯ ಪೊರೆಯಲ್ಲಿ ಸೋಡಿಯಂ-ಪೊಟ್ಯಾಸಿಯಂ ಪಂಪು ಎಂಬ ಪ್ರೋಟೀನು ದಟ್ಟವಾಗಿ ನೆಲೆಸಿದ್ದು, ಅದು ಪ್ರತಿ ಸುತ್ತಿನಲ್ಲಿ 3 ಸೋಡಿಯಂ ಅಯಾನುಗಳನ್ನು ಕೋಶದಿಂದ ಹೊರಕ್ಕೆ ದೂಡಿ 2 ಪೊಟ್ಯಾಸಿಯಂ ಅಯಾನುಗಳನ್ನು ಒಳಕ್ಕೆ ತರುತ್ತದೆ. ಇಲ್ಲಿ ವಿದ್ಯಾರ್ಥಿಗಳು ಸಾಮಾನ್ಯವಾಗಿ ಎಡವುತ್ತಾರೆ: ಪಂಪು ಸೋಡಿಯಮನ್ನು ದೂಡುವುದು ಕಡಲಿಗಲ್ಲ, ಮರಳಿ ರಕ್ತದ ಕಡೆಗೇ. ಹಾಗಾದರೆ ಉಪ್ಪು ಹೊರಹೋಗುವುದು ಹೇಗೆ? ಪಂಪಿನಿಂದಾಗಿ ಕೋಶದೊಳಗೆ ಸೋಡಿಯಂ ತೀರ ಕಡಿಮೆಯಾಗುತ್ತದೆ. ಈ ಕೊರತೆಯನ್ನು ತುಂಬಲು ಸೋಡಿಯಂ ರಕ್ತದಿಂದ ಕೋಶದೊಳಕ್ಕೆ ಮತ್ತೆ ನುಗ್ಗುವಾಗ, ಅದನ್ನು ಸಾಗಿಸುವ ಇನ್ನೊಂದು ಪ್ರೋಟೀನು ಪ್ರತಿ ಸೋಡಿಯಂ ಮತ್ತು ಪೊಟ್ಯಾಸಿಯಂ ಅಯಾನುಗಳೊಂದಿಗೆ 2 ಕ್ಲೋರೈಡ್ ಅಯಾನುಗಳನ್ನೂ ಎಳೆದು ತರುತ್ತದೆ. ಹೀಗೆ ಕೋಶದಲ್ಲಿ ಗುಡ್ಡೆಬಿದ್ದ ಕ್ಲೋರೈಡ್ ಕಡಲಿನ ಕಡೆಯ ಮುಖದಲ್ಲಿರುವ ಒಂದು ಕಾಲುವೆಯ ಮೂಲಕ ಹೊರಬೀಳುತ್ತದೆ. ಋಣಾವೇಶದ ಕ್ಲೋರೈಡ್ ಹೊರಹೋದಂತೆ ರಕ್ತದ ಬದಿಯಲ್ಲಿ ಧನಾವೇಶ ಮಿಗುತ್ತದೆ, ಆ ವಿದ್ಯುತ್ ಒತ್ತಡವೇ ಸೋಡಿಯಮನ್ನು ಕೋಶಗಳ ನಡುವಿನ ಸಡಿಲ ಸಂದಿಗಳ ಮೂಲಕ ಕಡಲಿಗೆ ದಾಟಿಸುತ್ತದೆ. ಆ ಕ್ಲೋರೈಡ್ ಕಾಲುವೆ ಯಾವುದೆಂದರೆ, ಮನುಷ್ಯರಲ್ಲಿ ಕೆಟ್ಟಾಗ ಸಿಸ್ಟಿಕ್ ಫೈಬ್ರೋಸಿಸ್ ಎಂಬ ಕಾಯಿಲೆಯನ್ನು ತರುವ ಪ್ರೋಟೀನೇ. ನಮ್ಮ ಶ್ವಾಸಕೋಶವನ್ನು ತೇವವಾಗಿಡುವ ಪ್ರೋಟೀನು ಸಾಲ್ಮನ್ನಿನ ಕಿವಿರಿನಲ್ಲಿ ಉಪ್ಪು ಹೊರುವುದನ್ನು ನೆನೆದಾಗಲೆಲ್ಲ ನನಗೆ ಜೀವಲೋಕದ ನಂಟುಗಳ ಬಗ್ಗೆ ಬೆರಗಾಗುತ್ತದೆ.

ಇನ್ನು ಸಾಲ್ಮನ್ ಮರಿಯ ಕಡೆಗೆ ಬರೋಣ. ಅಟ್ಲಾಂಟಿಕ್ ಸಾಲ್ಮನ್ ಉತ್ತರ ಅಟ್ಲಾಂಟಿಕ್ ಸಾಗರವನ್ನು ಸೇರುವ ಯೂರೋಪಿನ ಮತ್ತು ಉತ್ತರ ಅಮೆರಿಕದ ನದಿಗಳಲ್ಲಿ ಹುಟ್ಟುತ್ತದೆ. ನದಿಯ ತಳದ ಕಲ್ಲುಗಳ ನಡುವೆ ಒಂದು ವರ್ಷದಿಂದ ಹಿಡಿದು ಹಲವು ವರ್ಷಗಳವರೆಗೆ ಬೆಳೆಯುವ ಈ ಮರಿಗೆ ಇಂಗ್ಲಿಷಿನಲ್ಲಿ ಪಾರ್ ಎಂದು ಹೆಸರು. ಮೈಮೇಲೆ ಬೆರಳಚ್ಚು ಒತ್ತಿದಂತೆ ಕಪ್ಪು ಪಟ್ಟೆಗಳು. ತನ್ನ ಜಾಗವನ್ನು ಕಾಯುತ್ತಾ, ಹರಿವಿಗೆ ಎದುರಾಗಿ ನಿಲ್ಲುವ ಸ್ವಭಾವ. ಸಾಕಷ್ಟು ಬೆಳೆದ ಮರಿಗೆ ವಸಂತ ಬಂದಾಗ, ಕೆಲವೇ ವಾರಗಳಲ್ಲಿ ಪಟ್ಟೆಗಳು ಮಾಸಿ ಮೈ ಬೆಳ್ಳಿಯಂತೆ ಹೊಳೆಯುತ್ತದೆ, ದೇಹ ತೆಳ್ಳಗಾಗುತ್ತದೆ, ಜಾಗಕ್ಕಾಗಿ ಜಗಳವಾಡುತ್ತಿದ್ದ ಮೀನು ಗುಂಪು ಸೇರಿ ಹರಿವಿನೊಡನೆ ಕೆಳಕ್ಕೆ ಸಾಗತೊಡಗುತ್ತದೆ. ಈಗ ಅದರ ಹೆಸರು ಸ್ಮೋಲ್ಟ್. ಕಣ್ಣಿಗೆ ಕಾಣುವ ಈ ಬದಲಾವಣೆಗಳೊಡನೆಯೇ ಕಿವಿರಿನಲ್ಲಿ ಸೋಡಿಯಂ-ಪೊಟ್ಯಾಸಿಯಂ ಪಂಪಿನ ಚಟುವಟಿಕೆ ಹಲವು ಪಟ್ಟು ಏರಿರುತ್ತದೆ. ಎಲ್ಲ ಸಾಲ್ಮನ್ ಜಾತಿಗಳೂ ಇಷ್ಟು ಕಾಲ ಕಾಯುವುದಿಲ್ಲವೆಂಬುದನ್ನೂ ಹೇಳಬೇಕು. ಪೆಸಿಫಿಕ್ ಸಾಗರದ ಪಿಂಕ್ ಸಾಲ್ಮನ್ ಮರಿಗಳು ಕಲ್ಲುಸಂದಿಯಿಂದ ಹೊರಬಂದ ಸ್ವಲ್ಪ ಕಾಲದಲ್ಲೇ ಕಡಲಿನತ್ತ ಹೊರಟುಬಿಡುತ್ತವೆ.

ಈ ಸಿದ್ಧತೆಗೆ ಸೂಚನೆ ಕೊಡುವುದು ಹಗಲಿನ ಉದ್ದ. ಚಳಿಗಾಲದ ಚಿಕ್ಕ ಹಗಲುಗಳನ್ನು ಕಂಡ ಮೀನಿನ ಮಿದುಳು ವಸಂತದಲ್ಲಿ ಹಗಲು ಬೆಳೆಯುತ್ತಿರುವುದನ್ನು ಗ್ರಹಿಸಿ, ಅದರ ಕೆಳಗೆ ಅಂಟಿಕೊಂಡಿರುವ ಪಿಟ್ಯುಟರಿ ಗ್ರಂಥಿಗೆ ಆದೇಶ ಕಳುಹಿಸುತ್ತದೆ. ನೀರಿನ ತಾಪವು ಈ ಬದಲಾವಣೆಯ ವೇಗವನ್ನು ನಿರ್ಧರಿಸುತ್ತದೆ. ನಾರ್ವೆಯ ಸಾಲ್ಮನ್ ಸಾಕಣೆದಾರರು ಈ ತಿಳಿವಳಿಕೆಯನ್ನೇ ಬಳಸಿಕೊಳ್ಳುತ್ತಾರೆ. ತೊಟ್ಟಿಯ ಮರಿಗಳಿಗೆ ಸುಮಾರು 6 ವಾರ ದಿನಕ್ಕೆ 12 ಗಂಟೆ ಮಾತ್ರ ಬೆಳಕು ಕೊಟ್ಟು ಚಳಿಗಾಲದ ಅನುಭವ ಮಾಡಿಸಿ, ಆಮೇಲೆ 24 ಗಂಟೆಯೂ ದೀಪ ಉರಿಸಿದರೆ, ಹೊರಗೆ ಯಾವ ಋತುವೇ ಇರಲಿ, ಮೀನು ಸ್ಮೋಲ್ಟ್ ಆಗುತ್ತದೆ. ಉಪ್ಪಿನ ಒಂದು ಹರಳೂ ಬೇಕಾಗುವುದಿಲ್ಲ. ನಿಮ್ಮ ಪ್ರಶ್ನೆಗೆ ಇದಕ್ಕಿಂತ ನೇರವಾದ ಪುರಾವೆಯನ್ನು ನಾನು ಕೊಡಲಾರೆ.

ಪಿಟ್ಯುಟರಿಯಿಂದ ಹೊರಡುವ ಹಾರ್ಮೋನುಗಳಲ್ಲಿ ಕಡಲಿನ ಪರವಾಗಿ ಕೆಲಸಮಾಡುವ ಮುಖ್ಯವಾದದ್ದು ಬೆಳವಣಿಗೆಯ ಹಾರ್ಮೋನು. ಹೆಸರು ಕೇಳಿದರೆ ಅದು ಮೀನನ್ನು ದೊಡ್ಡದು ಮಾಡಿ, ದೊಡ್ಡ ಮೀನು ಉಪ್ಪನ್ನು ತಾಳಿಕೊಳ್ಳುತ್ತದೆ ಎಂದಷ್ಟೇ ಅನ್ನಿಸಬಹುದು. ಆದರೆ ಡಿ.ಸಿ.ಡಬ್ಲ್ಯೂ. ಸ್ಮಿತ್ ಎಂಬ ವಿಜ್ಞಾನಿ 1956ರಲ್ಲಿ ಸಾಲ್ಮನ್ನಿನ ನೆಂಟನಾದ ಬ್ರೌನ್ ಟ್ರೌಟ್ ಮೀನುಗಳ ಮೇಲಿನ ಪ್ರಯೋಗಗಳಲ್ಲಿ ಈ ಹಾರ್ಮೋನು ಉಪ್ಪುನೀರಿನ ಸಹನೆಯನ್ನು ಹೆಚ್ಚಿಸುವುದನ್ನು ಕಂಡರು, ಮತ್ತು ಮುಂದಿನ ದಶಕಗಳ ಕೆಲಸವು ಗಾತ್ರ ಬೆಳೆಯುವುದಕ್ಕೆ ಮೊದಲೇ ಈ ಪರಿಣಾಮ ಆಗುವುದನ್ನು ತೋರಿಸಿತು. ಇದು ಸ್ವಲ್ಪಮಟ್ಟಿಗೆ ನೇರವಾಗಿ, ಬಹುಮಟ್ಟಿಗೆ ಇನ್ಸುಲಿನ್‌ನ್ನು ಹೋಲುವ ಐಜಿಎಫ್-1 ಎಂಬ ಇನ್ನೊಂದು ಹಾರ್ಮೋನಿನ ಮೂಲಕ, ಕಿವಿರಿನ ಅಯಾನುಕೋಶಗಳನ್ನು ಹೆಚ್ಚಿಸುತ್ತದೆ. ಅದಕ್ಕಿಂತ ಮುಖ್ಯವಾಗಿ, ಕಿವಿರಿನ ಕೋಶಗಳಲ್ಲಿ ಕಾರ್ಟಿಸಾಲ್‌ನ ಗ್ರಾಹಕಗಳ ಸಂಖ್ಯೆಯನ್ನು ಹೆಚ್ಚಿಸಿ, ಕಾರ್ಟಿಸಾಲ್ ಹೇಳುವ ಮಾತು ಅಲ್ಲಿ ಸರಿಯಾಗಿ ಕೇಳುವಂತೆ ಮಾಡುತ್ತದೆ.

ಕಾರ್ಟಿಸಾಲ್ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ಮನುಷ್ಯರಲ್ಲಿ ಇದನ್ನು ಒತ್ತಡದ ಹಾರ್ಮೋನು ಎಂದು ಎಲ್ಲರೂ ಬಲ್ಲರು. ಮೀನಿನಲ್ಲಿ ಇದು ಮೂತ್ರಪಿಂಡದ ಮುಂಭಾಗದಲ್ಲಿ ಚದುರಿಕೊಂಡಿರುವ ಕೋಶಗಳಿಂದ ಬರುತ್ತದೆ. ನಮ್ಮ ದೇಹದಲ್ಲಿ ಸೋಡಿಯಮನ್ನು ಉಳಿಸಿಕೊಳ್ಳಲೆಂದೇ ಆಲ್ಡೊಸ್ಟೆರಾನ್ ಎಂಬ ಬೇರೊಂದು ಹಾರ್ಮೋನಿದೆ. ಮೂಳೆಮೀನುಗಳಲ್ಲಿ ಅದಿಲ್ಲ, ಆದ್ದರಿಂದ ಲವಣದ ಹೊಣೆಯೂ ಕಾರ್ಟಿಸಾಲ್ ಮೇಲೆಯೇ ಬಿದ್ದಿದೆ. ಬಹಳ ಕಾಲ ಪಠ್ಯಪುಸ್ತಕಗಳು ಕಾರ್ಟಿಸಾಲನ್ನು ‘ಕಡಲಿನ ಹಾರ್ಮೋನು’ ಎಂದೂ ಪ್ರೊಲ್ಯಾಕ್ಟಿನನ್ನು ‘ಸಿಹಿನೀರಿನ ಹಾರ್ಮೋನು’ ಎಂದೂ ಎರಡು ಕಂಬಗಳಲ್ಲಿ ಬರೆದು ಮುಗಿಸುತ್ತಿದ್ದವು. ಈ ವಿಂಗಡಣೆ ಅರ್ಧ ಮಾತ್ರ ಸರಿ ಎಂಬುದು ನನ್ನ ಖಚಿತ ಅಭಿಪ್ರಾಯ. ಕಾರ್ಟಿಸಾಲ್ ಎರಡೂ ನೀರಿನಲ್ಲಿ ಬೇಕು. ಅದರ ಜೊತೆಗಾರ ಯಾರೆಂಬುದರ ಮೇಲೆ ಅದರ ಕೆಲಸ ಬದಲಾಗುತ್ತದೆ. ಬೆಳವಣಿಗೆಯ ಹಾರ್ಮೋನಿನ ಜೊತೆಗಿದ್ದಾಗ ಅದು ಕಿವಿರಿನಲ್ಲಿ ಉಪ್ಪನ್ನು ಹೊರಹಾಕುವ ಕೋಶಗಳನ್ನೂ, ಅವುಗಳ ಪಂಪು ಮತ್ತು ಕ್ಲೋರೈಡ್ ಕಾಲುವೆಗಳನ್ನೂ ಹೆಚ್ಚಿಸುತ್ತದೆ, ಕರುಳು ನೀರನ್ನು ಹೀರುವ ಶಕ್ತಿಯನ್ನು ಬೆಳೆಸುತ್ತದೆ. ಪ್ರೊಲ್ಯಾಕ್ಟಿನ್ ಜೊತೆಗಿದ್ದಾಗ ಅದೇ ಕಾರ್ಟಿಸಾಲ್ ಉಪ್ಪನ್ನು ಒಳಗೆಳೆಯುವ ಕೋಶಗಳಿಗೆ ಬಲ ಕೊಡುತ್ತದೆ, ಕೋಶಗಳ ನಡುವಿನ ಸಂದಿಗಳನ್ನು ಬಿಗಿಮಾಡಿ ಲವಣ ಸೋರದಂತೆ ತಡೆಯುತ್ತದೆ.

ಈ ಎರಡು ಮುಖದ ಕೆಲಸಕ್ಕೆ ಕೋಶದೊಳಗೂ ಸಾಕ್ಷಿಯಿದೆ. ಸಾಲ್ಮನ್ ಮತ್ತು ಟ್ರೌಟ್‌ಗಳ ಕಿವಿರಿನಲ್ಲಿ ಸೋಡಿಯಂ-ಪೊಟ್ಯಾಸಿಯಂ ಪಂಪಿನ ಎರಡು ರೂಪಗಳಿವೆ: ಆಲ್ಫಾ-1ಎ ಸಿಹಿನೀರಿನಲ್ಲಿ ಹೆಚ್ಚು, ಆಲ್ಫಾ-1ಬಿ ಉಪ್ಪುನೀರಿನಲ್ಲಿ ಹೆಚ್ಚು. ನದಿಯಿಂದ ಕಡಲಿಗೆ ಬಂದ ಮೀನಿನಲ್ಲಿ ಮೊದಲನೆಯದು ಇಳಿದು ಎರಡನೆಯದು ಏರುತ್ತದೆ. 2003ರಲ್ಲಿ ರೇನ್‌ಬೋ ಟ್ರೌಟಿನಲ್ಲಿ ಈ ಅದಲುಬದಲು ಕಂಡುಬಂದ ಮೇಲೆ ಹಳೆಯ ಗೊಂದಲವೊಂದು ತಿಳಿಯಾಯಿತು. ಪಂಪಿನ ಒಟ್ಟು ಪ್ರಮಾಣವನ್ನಷ್ಟೇ ಅಳೆದವರಿಗೆ ಎರಡೂ ನೀರಿನ ಮೀನುಗಳಲ್ಲಿ ಪಂಪು ಕಾಣುತ್ತಿತ್ತು, ಆದರೆ ಯಾವ ಪಂಪು ಎಂಬುದು ಕಾಣುತ್ತಿರಲಿಲ್ಲ. ಸ್ಮೋಲ್ಟ್ ಆಗುತ್ತಿರುವ ಸಾಲ್ಮನ್‌ನಲ್ಲಿ ಕಡಲಿನ ರೂಪದ ಪಂಪನ್ನು ಹೊತ್ತ ಕೋಶಗಳು ಇನ್ನೂ ನದಿಯಲ್ಲಿರುವಾಗಲೇ ಮೂಡಿರುತ್ತವೆ, ಹೊರಮೈಗೆ ತೆರೆದುಕೊಳ್ಳದೆ ಒಳಗೇ ಕಾದಿರುತ್ತವೆ. ಉಪ್ಪುನೀರು ಸೇರಿದ ಮೇಲೆ ಅವು ಕಡಲಿಗೆ ಮುಖಮಾಡಿ ತೆರೆದುಕೊಳ್ಳುತ್ತವೆ.

ಥೈರಾಯ್ಡ್ ಹಾರ್ಮೋನುಗಳೂ ವಸಂತದಲ್ಲಿ ಏರುತ್ತವೆ. ಲವಣದ ಲೆಕ್ಕದಲ್ಲಿ ಅವುಗಳದು ಪೋಷಕ ಪಾತ್ರ. ಮೈಯ ಬೆಳ್ಳಿ ಹೊಳಪಿನಲ್ಲಿ ಮತ್ತು ನೆನಪಿನಲ್ಲಿ ಅವುಗಳ ಪಾತ್ರ ದೊಡ್ಡದು. ಹುರುಪೆಗಳ ಅಡಿಯಲ್ಲಿ ಗ್ವಾನೀನ್ ಹರಳುಗಳ ಪದರ ಕೂಡುವುದರಿಂದ ಸ್ಮೋಲ್ಟ್ ಹೊಳೆಯುತ್ತದೆ. ಇದೇ ಹೊತ್ತಿನಲ್ಲಿ ಮೀನು ತನ್ನ ಹೊಳೆಯ ವಾಸನೆಯನ್ನು ಮನದಲ್ಲಿ ಅಚ್ಚೊತ್ತಿಕೊಳ್ಳುತ್ತದೆ. ಆರ್ಥರ್ ಹ್ಯಾಸ್ಲರ್ ಮತ್ತು ಅವರ ಸಂಗಡಿಗರು ಅಮೆರಿಕದ ಮಿಶಿಗನ್ ಸರೋವರದಲ್ಲಿ ಕೋಹೋ ಸಾಲ್ಮನ್ ಮರಿಗಳನ್ನು ಈ ಹಂತದಲ್ಲಿ ಮಾರ್ಫೊಲಿನ್ ಎಂಬ ರಾಸಾಯನಿಕದ ವಾಸನೆಗೆ ಒಡ್ಡಿ, ಮುಂದೆ ಅದೇ ವಾಸನೆಯನ್ನು ಬೆರೆಸಿದ ಹೊಳೆಗೆ ಅವು ಮರಳಿ ಬರುವಂತೆ ಮಾಡಿ 1976ರಲ್ಲಿ ಪ್ರಕಟಿಸಿದರು. ಕೋಹೋ ಮರಿಗಳಲ್ಲಿ ವಸಂತದ ಥೈರಾಕ್ಸಿನ್ ಏರಿಕೆಯು ಅಮಾವಾಸ್ಯೆಯೊಂದಿಗೆ ಹೊಂದಿಕೊಂಡಿರುವುದನ್ನು 1981ರಲ್ಲಿ ಗೋರ್ಡನ್ ಗ್ರಾವ್ ಮತ್ತು ಸಂಗಡಿಗರು ವರದಿ ಮಾಡಿದರು.

ಇನ್ನು ಎದುರು ಪಕ್ಷದ ಪ್ರೊಲ್ಯಾಕ್ಟಿನ್. ಹೆಸರಿನಲ್ಲೇ ಹಾಲು ಇದೆ, ಏಕೆಂದರೆ ಸಸ್ತನಿಗಳಲ್ಲಿ ಹಾಲು ಬರಿಸುವುದರಿಂದ ಅದನ್ನು ಗುರುತಿಸಲಾಯಿತು. ಮೀನಿಗೆ ಹಾಲಿಲ್ಲ, ಆದರೂ ಪಿಟ್ಯುಟರಿಯಲ್ಲಿ ಪ್ರೊಲ್ಯಾಕ್ಟಿನ್ ಇದೆ. ಅದರ ಕೆಲಸ ತಿಳಿದದ್ದು ಅಮೆರಿಕದ ಪೂರ್ವ ಕರಾವಳಿಯ ಜೌಗುಗಳಲ್ಲಿರುವ ಕಿಲ್ಲಿಫಿಶ್ ಎಂಬ ಪುಟ್ಟ ಮೀನಿನಿಂದ. ಸಿಹಿನೀರು, ಉಪ್ಪುನೀರು ಎರಡರಲ್ಲೂ ಬದುಕುವ ಈ ಮೀನಿನ ಪಿಟ್ಯುಟರಿಯನ್ನು ತೆಗೆದುಹಾಕಿದರೆ ಅದು ಕಡಲನೀರಿನಲ್ಲಿ ಬದುಕುತ್ತಿತ್ತು, ಸಿಹಿನೀರಿಗೆ ಬಿಟ್ಟರೆ ಕೆಲವೇ ದಿನಗಳಲ್ಲಿ ಸಾಯುತ್ತಿತ್ತು. ಗ್ರೇಸ್ ಪಿಕ್‌ಫೋರ್ಡ್ ಅವರು ಪಿಟ್ಯುಟರಿಯ ಬೇರೆಬೇರೆ ಹಾರ್ಮೋನುಗಳನ್ನು ಒಂದೊಂದಾಗಿ ಚುಚ್ಚಿ ನೋಡಿದರು. ಮೀನನ್ನು ಸಿಹಿನೀರಿನಲ್ಲಿ ಉಳಿಸಿದ್ದು ಪ್ರೊಲ್ಯಾಕ್ಟಿನ್. ಅದೂ ಸಸ್ತನಿಯಿಂದ ತೆಗೆದ ಪ್ರೊಲ್ಯಾಕ್ಟಿನ್. ಸಹೋದ್ಯೋಗಿ ಫಿಲಿಪ್ಸ್ ಅವರೊಡನೆ 1959ರಲ್ಲಿ ಪ್ರಕಟಿಸಿದ ಈ ಚಿಕ್ಕ ಲೇಖನದಿಂದಲೇ ಮೀನಿನ ಲವಣ-ಹಾರ್ಮೋನುಗಳ ಆಧುನಿಕ ಅಧ್ಯಯನ ನಿಜವಾದ ಅರ್ಥದಲ್ಲಿ ಆರಂಭವಾಯಿತೆಂದು ನಾನು ಭಾವಿಸುತ್ತೇನೆ.

ಪ್ರೊಲ್ಯಾಕ್ಟಿನ್ ಹೇಗೆ ಹೊರಡುತ್ತದೆಂಬುದನ್ನು ತಿಳಿಯಲು ನೆರವಾದದ್ದು ಮೊಜಾಂಬಿಕ್ ತಿಲಾಪಿಯಾ, ಅಂದರೆ ನಮ್ಮ ಕೆರೆಗಳ ಜಿಲೇಬಿ ಮೀನು. ಆಫ್ರಿಕಾದ ಈ ಮೀನನ್ನು 1952ರಲ್ಲಿ ಭಾರತಕ್ಕೆ ತಂದರು. ಕೆರೆಯ ಸಿಹಿನೀರಿನಲ್ಲಿ ತುಂಬಿಕೊಂಡಿರುವ ಈ ಮೀನು ಹಂತಹಂತವಾಗಿ ಉಪ್ಪಿಗೆ ಒಗ್ಗಿಸಿದರೆ ಕಡಲನೀರಿನಲ್ಲೂ ಬದುಕಬಲ್ಲದು, ಮರಿಮಾಡಬಲ್ಲದು. ಇದರ ಪಿಟ್ಯುಟರಿಯಲ್ಲಿ ಪ್ರೊಲ್ಯಾಕ್ಟಿನ್ ಕೋಶಗಳು ಮುಂಭಾಗದಲ್ಲಿ ಒಂದೇ ಕಡೆ ಗುಂಪಾಗಿರುವುದರಿಂದ ಅವುಗಳನ್ನು ಬಿಡಿಸಿ ಗಾಜಿನ ತಟ್ಟೆಯಲ್ಲಿ ಸಾಕಬಹುದು. ತಟ್ಟೆಯ ದ್ರವವನ್ನು ಸ್ವಲ್ಪ ತೆಳುಮಾಡಿದರೆ, ಮಿದುಳಿನ ಆದೇಶವಿಲ್ಲದೆಯೇ, ಆ ಕೋಶಗಳು ಪ್ರೊಲ್ಯಾಕ್ಟಿನನ್ನು ಸುರಿಸತೊಡಗುತ್ತವೆ. ದ್ರವ ತೆಳುವಾದಾಗ ಕೋಶ ನೀರು ಕುಡಿದು ಊದುತ್ತದೆ; ಊದಿದಾಗ ಪೊರೆ ಹಿಗ್ಗಿ ಕ್ಯಾಲ್ಸಿಯಂ ಒಳಗೆ ಬರುವ ಬಾಗಿಲು ತೆರೆಯುತ್ತದೆ; ಕ್ಯಾಲ್ಸಿಯಂ ಬಂದದ್ದೇ ಹಾರ್ಮೋನು ಹೊರಡುತ್ತದೆ. ಉಪ್ಪನ್ನು ಅಳೆಯುವ ಸಾಧನವೂ ಅದಕ್ಕೆ ಉತ್ತರಿಸುವ ಗ್ರಂಥಿಯೂ ಒಂದೇ ಕೋಶದಲ್ಲಿರುವ ಇಷ್ಟು ಚೊಕ್ಕ ಏರ್ಪಾಟು ಅಪರೂಪ. ಹೊರಟ ಪ್ರೊಲ್ಯಾಕ್ಟಿನ್ ಕಿವಿರಿಗೆ ಹೋಗಿ ನೀರು-ಲವಣಗಳು ನುಸುಳದಂತೆ ಪೊರೆಯನ್ನು ಬಿಗಿಗೊಳಿಸುತ್ತದೆ, ಉಪ್ಪನ್ನು ಹೊರಹಾಕುವ ಕೋಶಗಳನ್ನು ತಗ್ಗಿಸಿ ಒಳಗೆಳೆಯುವ ಕೋಶಗಳನ್ನು ಬೆಳೆಸುತ್ತದೆ. ಸಾಲ್ಮನ್ ಸ್ಮೋಲ್ಟ್ ಆಗುವಾಗ ಪ್ರೊಲ್ಯಾಕ್ಟಿನ್ ಇಳಿಯುವುದೇಕೆ ಎಂಬುದು ಇದರಿಂದ ತಾನಾಗಿಯೇ ತಿಳಿಯುತ್ತದೆ.

‘ತಾಗಿದ ಕೂಡಲೇ’ ಕೆಲಸಮಾಡುವ ಹಾರ್ಮೋನುಗಳೂ ಇವೆ ಎಂದಿದ್ದೆನಷ್ಟೆ. ಇವು ಕೋಶಗಳನ್ನು ಹೊಸದಾಗಿ ಕಟ್ಟುವುದಿಲ್ಲ. ಇರುವ ಅಂಗಗಳ ನಡವಳಿಕೆಯನ್ನು ನಿಮಿಷಗಳಲ್ಲಿ, ಗಂಟೆಗಳಲ್ಲಿ ಬದಲಾಯಿಸುತ್ತವೆ. ಅವುಗಳಲ್ಲಿ ಆಂಜಿಯೊಟೆನ್ಸಿನ್-2 ಮೀನಿಗೆ ನೀರು ಕುಡಿಯುವ ಪ್ರೇರಣೆ ಕೊಡುತ್ತದೆ. ಹೃದಯದಿಂದ ಬರುವ ನೇಟ್ರಿಯೂರೆಟಿಕ್ ಪೆಪ್ಟೈಡುಗಳು ಕುಡಿಯುವುದನ್ನು ತಡೆದು, ಉಪ್ಪು ಒಮ್ಮೆಗೇ ರಕ್ತಕ್ಕೆ ನುಗ್ಗದಂತೆ ನೋಡಿಕೊಳ್ಳುತ್ತವೆ. ಜಪಾನಿನಲ್ಲಿ ಹಾವುಮೀನುಗಳ ಮೇಲೆ ನಡೆದ ದೀರ್ಘ ಅಧ್ಯಯನಗಳು ಇದನ್ನು ಚೆನ್ನಾಗಿ ತೋರಿಸಿವೆ.

ಹಾವುಮೀನಿನ ಪಯಣ ಸಾಲ್ಮನ್ನಿಗೆ ವಿರುದ್ಧ ದಿಕ್ಕಿನದು. ಅದು ಕಡಲಿನಲ್ಲಿ ಹುಟ್ಟಿ, ನದಿಗೆ ಬಂದು ವರ್ಷಗಟ್ಟಲೆ ಬೆಳೆದು, ಮೊಟ್ಟೆಯಿಡಲು ಕಡಲಿಗೆ ಮರಳುತ್ತದೆ. ಯೂರೋಪಿನ ಹಾವುಮೀನು ಹುಟ್ಟುವುದು ಅಟ್ಲಾಂಟಿಕ್‌ನ ಆಚೆಬದಿಯ ಸಾರ್ಗಾಸೊ ಸಮುದ್ರದಲ್ಲಿ ಎಂದು ಡೆನ್ಮಾರ್ಕಿನ ಯೋಹಾನೆಸ್ ಶ್ಮಿಟ್ ಎಳೆಯ ಮರಿಗಳನ್ನು ಹುಡುಕುತ್ತಾ ಹೋಗಿ ಕಂಡುಕೊಂಡು 1922ರಲ್ಲಿ ಪ್ರಕಟಿಸಿದರು. ನಮ್ಮ ನದಿಗಳಲ್ಲಿ ಸಿಗುವ ಭಾರತೀಯ ಹಾವುಮೀನು ಕೂಡ ಇದೇ ಕುಲಕ್ಕೆ ಸೇರಿದ್ದು, ಅದರ ಜನನವೂ ಕಡಲಿನಲ್ಲೇ. ಹೊರಡುವ ಮುನ್ನ ಹಳದಿ ಮೈಯ ಹಾವುಮೀನು ಬೆಳ್ಳಿಯಾಗುತ್ತದೆ, ಕಣ್ಣುಗಳು ದೊಡ್ಡದಾಗುತ್ತವೆ, ಕಿವಿರಿನ ಅಯಾನುಕೋಶಗಳು ಇನ್ನೂ ನದಿಯಲ್ಲಿರುವಾಗಲೇ ಹೆಚ್ಚುತ್ತವೆ. ಇಲ್ಲಿಯೂ ಕಾರ್ಟಿಸಾಲ್ ಇದೆ; ಜೊತೆಗೆ ಲೈಂಗಿಕ ಹಾರ್ಮೋನುಗಳೂ ಸೇರುತ್ತವೆ, ಏಕೆಂದರೆ ಹಾವುಮೀನು ಕಡಲಿಗೆ ಹೊರಡುವುದು ಸಂತಾನಕ್ಕಾಗಿ, ಸಾಲ್ಮನ್ ಮರಿ ಹೊರಡುವುದು ಆಹಾರಕ್ಕಾಗಿ.

ಬೆಳೆದ ಸಾಲ್ಮನ್ ನದಿಗೆ ಮರಳುವಾಗಲೂ ಮುಂಜಾಗ್ರತೆಯ ಅದೇ ಕ್ರಮವನ್ನು ಕಾಣುತ್ತೇವೆ. ಕೆನಡಾದ ಫ್ರೇಸರ್ ನದಿಗೆ ಬರುವ ಸಾಕೈ ಸಾಲ್ಮನ್‌ಗಳ ಕಿವಿರಿನಲ್ಲಿ ಸೋಡಿಯಂ-ಪೊಟ್ಯಾಸಿಯಂ ಪಂಪಿನ ಚಟುವಟಿಕೆ ಅವು ಇನ್ನೂ ಕಡಲಿನಲ್ಲಿರುವಾಗಲೇ ಇಳಿಯತೊಡಗುತ್ತದೆ. ನದಿ ಸೇರಿದ ಮೇಲೆ ಅವು ಉಣ್ಣುವುದಿಲ್ಲ. ಮೈಯಲ್ಲಿ ಕೂಡಿಟ್ಟ ಕೊಬ್ಬನ್ನೂ ಮಾಂಸವನ್ನೂ ಕರಗಿಸಿ ಹರಿವಿಗೆ ಎದುರಾಗಿ ಈಜುತ್ತವೆ. ಆ ಕರಗಿಸುವ ಕೆಲಸಕ್ಕೂ ಕಾರ್ಟಿಸಾಲೇ ಬೇಕು. ಅದು ಏರುತ್ತಾ ಹೋಗಿ, ರೋಗನಿರೋಧಕ ಶಕ್ತಿ ಕುಂದಿ, ಅಂಗಾಂಗಗಳು ಸವೆದು, ಮೊಟ್ಟೆಯಿಟ್ಟ ಪೆಸಿಫಿಕ್ ಸಾಲ್ಮನ್ ಕೆಲವೇ ದಿನ-ವಾರಗಳಲ್ಲಿ ಸಾಯುತ್ತದೆ. ಲೈಂಗಿಕವಾಗಿ ಬಲಿಯುವ ಮೊದಲೇ ಜನನಗ್ರಂಥಿಗಳನ್ನು ತೆಗೆದುಹಾಕಿದ ಕೊಕನೀ ಸಾಲ್ಮನ್‌ಗಳು (ಕಡಲಿಗೆ ಹೋಗದೆ ಸರೋವರದಲ್ಲೇ ಬೆಳೆಯುವ ಸಾಕೈಗಳು) ತಮ್ಮ ಒಡಹುಟ್ಟುಗಳಿಗಿಂತ ವರ್ಷಗಟ್ಟಲೆ ಹೆಚ್ಚು ಬದುಕಿದ್ದನ್ನು ರಾಬರ್ಟ್‌ಸನ್ ಅವರು 1961ರಲ್ಲಿ ತೋರಿಸಿದರು. ಮರಿಯನ್ನು ಕಡಲಿಗೆ ಸಿದ್ಧಮಾಡಿದ ಹಾರ್ಮೋನೇ ತಾಯಿತಂದೆಯರ ಕೊನೆಯ ದಿನಗಳಲ್ಲೂ ರಕ್ತದಲ್ಲಿ ತುಂಬಿರುತ್ತದೆ.

ಈ ಸಿದ್ಧತೆಗೆ ಒಂದು ಅವಧಿಯಿದೆ ಎಂಬುದನ್ನು ಒತ್ತಿ ಹೇಳಬೇಕಾಗಿದೆ, ಏಕೆಂದರೆ ಪ್ರಯೋಗಾಲಯದ ಈ ತಿಳಿವಳಿಕೆ ನದಿಯ ದಡಕ್ಕೆ ಬರುವುದು ಇಲ್ಲಿಯೇ. ಸ್ಮೋಲ್ಟ್ ಆದ ಮೀನು ಕೆಲವು ವಾರಗಳಲ್ಲಿ ಕಡಲನ್ನು ತಲುಪದಿದ್ದರೆ ಪಂಪಿನ ಚಟುವಟಿಕೆ ಇಳಿದು, ಗಳಿಸಿದ ಸಾಮರ್ಥ್ಯವನ್ನು ದೇಹ ಕಳಚಿಬಿಡುತ್ತದೆ. ನೀರು ಬೆಚ್ಚಗಾದಷ್ಟೂ ಇದು ಬೇಗ. ಅಣೆಕಟ್ಟಿನ ಹಿಂದೆ ನಿಂತ ನೀರು ಮೀನಿನ ಪಯಣವನ್ನು ತಡಮಾಡುತ್ತದೆ, ಜೊತೆಗೆ ಬೆಚ್ಚಗೂ ಆಗುತ್ತದೆ. ಮೀನಿಗೆ ಏಣಿ ಕಟ್ಟಿದರೆ ಸಾಕೆಂದು ವಾದಿಸುವವರು ಈ ಲೆಕ್ಕವನ್ನು ಹಿಡಿಯುವುದಿಲ್ಲ. ಕಿವಿರಿಗೆ ಹಾನಿಮಾಡುವ ಬೇರೆ ಸಂಗತಿಗಳೂ ಇವೆ. ಆಮ್ಲಮಳೆಯಿಂದ ಮಣ್ಣಿನ ಅಲ್ಯೂಮಿನಿಯಂ ನೀರಿಗೆ ಕರಗಿ ದಕ್ಷಿಣ ನಾರ್ವೆಯ ಎಷ್ಟೋ ನದಿಗಳು ತಮ್ಮ ಸಾಲ್ಮನ್‌ಗಳನ್ನು ಕಳೆದುಕೊಂಡವು. ಮೀನಿನ ಬಾಳಿನಲ್ಲಿ ಈ ವಿಷಕ್ಕೆ ಅತಿ ಹೆಚ್ಚು ನಲುಗುವುದು ಸ್ಮೋಲ್ಟ್ ಹಂತವೇ. 1975ರಿಂದ 1985ರವರೆಗೆ ಪೂರ್ವ ಕೆನಡಾದ ಕಾಡುಗಳಿಗೆ ಸಿಂಪಡಿಸಿದ ಕೀಟನಾಶಕವೊಂದರಲ್ಲಿ ನಾನೈಲ್‌ಫೀನಾಲ್ ದ್ರಾವಕವಾಗಿತ್ತು. ಈಸ್ಟ್ರೊಜೆನ್‌ನಂತೆ ವರ್ತಿಸುವ ಆ ರಾಸಾಯನಿಕದ ಬಳಕೆಗೂ ಸಾಲ್ಮನ್ ಸಂಖ್ಯೆ ಕುಸಿದದ್ದಕ್ಕೂ ನಂಟಿರುವುದನ್ನು ಸಂಶೋಧಕರು ಮುಂದೆ ಗುರುತಿಸಿದರು. ಇಂಥ ರಾಸಾಯನಿಕಗಳು ಸ್ಮೋಲ್ಟ್‌ಗಳ ಉಪ್ಪಿನ ಸಹನೆಯನ್ನು ಕುಗ್ಗಿಸುವುದು ಪ್ರಯೋಗಗಳಲ್ಲೂ ಕಂಡಿದೆ. ಮೀನು ನದಿಯಲ್ಲಿ ಆರೋಗ್ಯವಾಗಿಯೇ ಕಾಣುತ್ತದೆ. ಕಡಲಿನಲ್ಲಿ ಸಾಯುತ್ತದೆ, ಅದನ್ನು ಎಣಿಸುವವರು ಯಾರೂ ಇರುವುದಿಲ್ಲ.

ನಮ್ಮ ದೇಶದಲ್ಲಿ ಈ ಬಗೆಯ ವಲಸೆಗೆ ಹೆಸರಾದದ್ದು ಹಿಲ್ಸಾ. ಬಂಗಾಳ ಕೊಲ್ಲಿಯಿಂದ ಗಂಗೆಯನ್ನು ಹತ್ತಿ ಹಿಂದೆ ಅದು ಪ್ರಯಾಗದವರೆಗೂ ಅದರಾಚೆಗೂ ಹೋಗುತ್ತಿತ್ತು. 1975ರಲ್ಲಿ ಫರಕ್ಕಾ ಬ್ಯಾರೇಜು ಕಾರ್ಯಾರಂಭ ಮಾಡಿದ ಮೇಲೆ ಅದರ ಮೇಲ್ಭಾಗದ ಗಂಗೆಯಲ್ಲಿ ಹಿಲ್ಸಾ ಮೀನುಗಾರಿಕೆ ಬಹುಪಾಲು ನಿಂತೇಹೋಯಿತು. ಸಿಹಿನೀರಿಗೆ ಒಗ್ಗುವ ಶಕ್ತಿ ಆ ಮೀನಿನಲ್ಲಿ ಇಂದಿಗೂ ಇದೆ, ಹೋಗಲು ದಾರಿಯಿಲ್ಲ.

ಕೊನೆಯದಾಗಿ ನಿಮ್ಮ ಕಾಟ್ಲಾ. ಅದರಲ್ಲಿ ಬೆಳವಣಿಗೆಯ ಹಾರ್ಮೋನು, ಕಾರ್ಟಿಸಾಲ್, ಪ್ರೊಲ್ಯಾಕ್ಟಿನ್, ಥೈರಾಕ್ಸಿನ್ ಎಲ್ಲವೂ ಇವೆ. ಇಲ್ಲದಿರುವುದು ಆ ಆದೇಶಗಳನ್ನು ಕೇಳಿ ಪೂರ್ಣ ಕಡಲನೀರಿನ ಉಪ್ಪನ್ನು ಹೊರಹಾಕುವಷ್ಟು ಶಕ್ತವಾದ ಕಿವಿರಿನ ಕೋಶಗಳನ್ನು ಕಟ್ಟಿಕೊಳ್ಳುವ ಸಾಮರ್ಥ್ಯ. ಕಾಟ್ಲಾ, ರೋಹು, ಮೃಗಾಲ್‌ಗಳು ಸೇರಿದ ಗೆಂಡೆಮೀನುಗಳ ಬಳಗ ಬಹುಕಾಲದಿಂದ ಸಿಹಿನೀರಿನಲ್ಲೇ ಬಾಳಿದೆ. ಅಳಿವೆಯ ಸ್ವಲ್ಪ ಉಪ್ಪನ್ನು ಅವು ತಾಳಿಕೊಂಡಾವು; ಅದಕ್ಕಿಂತ ಹೆಚ್ಚಾದರೆ ರಕ್ತದ ಸೋಡಿಯಂ ಏರಿ, ಮೈಯ ನೀರು ಬಸಿದು ಸಾಯುತ್ತವೆ. ಹಾಗೆಂದು ಈ ಬಳಗಕ್ಕೆ ಕಡಲು ಎಂದೆಂದಿಗೂ ನಿಷಿದ್ಧವೆಂದು ತೀರ್ಮಾನಿಸುವಂತಿಲ್ಲ. ಜಪಾನ್ ಮತ್ತು ರಷ್ಯಾದ ಪೂರ್ವ ಕರಾವಳಿಯಲ್ಲಿ ಟ್ರೈಬೊಲೊಡಾನ್ ಎಂಬ ಕುಲದ ಕೆಲವು ಮೀನುಗಳು, ಇದೇ ಗೆಂಡೆಮೀನುಗಳ ನೆಂಟರಾಗಿದ್ದರೂ, ಪ್ರತಿ ಪೀಳಿಗೆಯಲ್ಲೂ ಕಡಲಿಗೆ ಇಳಿದು, ಅಲ್ಲಿ ಬೆಳೆದು, ಮೊಟ್ಟೆಯಿಡಲು ನದಿಗೆ ಹಿಂದಿರುಗುತ್ತವೆ.